ರಹದಾರಿ ಬೇಡದ ದಾರಿ

ಹಳೆಯ ಕಾಗದಪತ್ರಗಳಲ್ಲಿ ‘ರಹದಾರಿ’ ಎಂಬ ಮಾತು ಬರುತ್ತದೆ. ದಾರಿಯಲ್ಲಿ ತಡೆಯಿಲ್ಲದೆ ನಡೆದುಹೋಗಲು ಸರಕಾರ ಕೊಡುತ್ತಿದ್ದ ಚೀಟಿ ಅದು. ಇಂದು ಪಾಸ್‌ಪೋರ್ಟು, ವೀಸಾ ಎಂಬ ಮಾತುಗಳು ಅದರ ಜಾಗದಲ್ಲಿ ಬಂದು ಕುಳಿತಿವೆ. ಈಚೆಗಂತೂ ‘ಇಂಥ ದೇಶಕ್ಕೆ ವೀಸಾ ಬೇಡವಂತೆ’ ಎಂಬ ಸುದ್ದಿ ಕಿವಿಗೆ ಬಲು ಇಂಪಾಗಿ ಕೇಳಿಬರುತ್ತದೆ. ಕೇಳಿದವರು ಅದನ್ನು ‘ಅಲ್ಲಿ ಯಾರೂ ತಡೆಯುವುದಿಲ್ಲವಂತೆ’ ಎಂದು ಅರ್ಥಮಾಡಿಕೊಳ್ಳುತ್ತಾರೆ. ಈ ಎರಡು ಮಾತುಗಳ ನಡುವೆ ಅಂತರವಿದೆ. ದೂರದಲ್ಲಿರುವ ತನ್ನವರನ್ನು ಕಾಣಲೆಂದು ಮತ್ತೆ ಮತ್ತೆ ಗಡಿ ದಾಟುವವರ ಪಾಲಿಗೆ ಆ ಅಂತರ ಏನಾಗಿ ಪರಿಣಮಿಸುತ್ತದೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ.

ನಾನು ಚೆಂಡಿಯಾದವನು. ಕಾರವಾರದಿಂದ ಅಂಕೋಲೆಯ ದಾರಿ ಹಿಡಿದು ಬಿಣಗಾ, ಅರಗಾ ಕಳೆದರೆ ನಮ್ಮ ಊರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಡಲು. ನಮ್ಮ ಸೀಮೆಯವರಿಗೆ ಗೋವೆಯೆಂದರೆ ಪರದೇಶವೆಂಬ ಭಾವನೆ ಎಂದೂ ಇರಲಿಲ್ಲ. ಅನೇಕ ಮನೆತನಗಳ ಕುಲದೇವರು ಇರುವುದೇ ಅಲ್ಲಿ: ಮಂಗೇಶಿ, ಮಾರ್ದೋಳದ ಮಹಾಲಸಾ, ಕವಳೆಯ ಶಾಂತಾದುರ್ಗೆ. ಮಗುವಿನ ಜಾವಳಕ್ಕೆ ಅತ್ತ ಹೋಗಬೇಕು, ಮದುವೆಯ ಮೊದಲ ಕರೆಯೋಲೆಯನ್ನು ಅಲ್ಲಿ ಇಡಬೇಕು. ದೇವರು ಅಲ್ಲಿದ್ದ ಮೇಲೆ ಬೀಗರೂ ಅಲ್ಲಿಯೇ ಸಿಗುವುದು ಸಹಜ. ಕಾಣಕೋಣದ ಹೆಣ್ಣು ಕಾರವಾರಕ್ಕೆ, ಅಂಕೋಲೆಯ ಹೆಣ್ಣು ಕಾಣಕೋಣಕ್ಕೆ. ಈ ಕೊಡುಕೊಳೆ ಎಷ್ಟು ತಲೆಮಾರುಗಳಿಂದ ನಡೆದುಬಂತೆಂದು ಲೆಕ್ಕವಿಟ್ಟವರಿಲ್ಲ.

ಆದರೂ ಅದು ಬೇರೊಂದು ರಾಜ್ಯವೇ ಆಗಿತ್ತು. ಪೋರ್ತುಗೀಜರ ಧ್ವಜ ಮಾಜಾಳಿಯ ಆಚೆ ಪೋಳೆಯಲ್ಲಿಯೇ ಹಾರುತ್ತಿತ್ತು. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಒಪ್ಪಂದ ಮಾಡಿಕೊಂಡು ಗಡಿಯ ಸುಂಕವನ್ನು ತೆಗೆದುಹಾಕಿದ್ದರು. 1892ರಲ್ಲಿ ಒಪ್ಪಂದ ಮುಗಿದು ಸುಂಕದ ಚೌಕಿಗಳು ಮತ್ತೆ ಬಂದವು. ಸುಂಕವೇನಿದ್ದರೂ ಸರಕಿಗೆ. ಹುಟ್ಟುಮನೆಗೆ ಬರುವ ಹೆಣ್ಣುಮಗಳ ಬುಟ್ಟಿಯನ್ನು ಇಣುಕಿ ನೋಡಿ ಬಿಟ್ಟುಬಿಡುತ್ತಿದ್ದರು. ಅವಳು ಯಾರು, ಏಕೆ ಬಂದಳು, ಎಂದು ಹಿಂದಿರುಗುವಳು ಎಂದು ಕೇಳುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲವಾದುದರಿಂದ, ಕೇಳುವ ಹಕ್ಕು ಅವರಿಗೆ ಉಂಟೆಂಬುದೇ ಜನರಿಗೆ ಮರೆತುಹೋಗಿತ್ತು.

ನನ್ನ ಸೋದರತ್ತೆಯನ್ನು ಲೋಲಿಯೆಯ ಒಂದು ತೋಟದ ಮನೆಗೆ ಕೊಟ್ಟದ್ದು 1953ರಲ್ಲಿ. ನಾನು ಹುಟ್ಟುವುದಕ್ಕೆ ಮೊದಲಿನ ಮಾತು. ಅತ್ತೆಯ ಬಾಯಿಂದಲೇ ಕೇಳಿದ್ದು. ಕಾಳಿ ನದಿಗೆ ಆಗ ಸೇತುವೆಯಿಲ್ಲ. ಕೋಡಿಬಾಗದಲ್ಲಿ ತಾರಿ ಹತ್ತಿ ಸದಾಶಿವಗಡದಲ್ಲಿ ಇಳಿದು, ಮಾಜಾಳಿಯ ಮೂಲಕ ಪೋಳೆ ದಾಟಿ ಹೋಗಬೇಕು. ಬೆಳಗಿನ ಗಂಜಿ ಉಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಗಂಡನ ಮನೆ. ಚೌತಿಗೆ, ದೀಪಾವಳಿಗೆ, ಊರ ಬಂಡಿಹಬ್ಬಕ್ಕೆ, ಹೀಗೆ ವರ್ಷದಲ್ಲಿ ಮೂರು ನಾಲ್ಕು ಸಲ ಅತ್ತೆ ಬರುತ್ತಿದ್ದಳು.

1954ರಲ್ಲಿ ಗೋವೆಯ ಬಿಡುಗಡೆಯ ಚಳವಳಿಗೆ ಕಾವೇರಿತು. ಆ ವರ್ಷವೇ ದಾದ್ರಾ, ನಗರಹವೇಲಿಗಳು ಪೋರ್ತುಗೀಜರ ಕೈತಪ್ಪಿದವು. ಗಡಿಯಲ್ಲಿ ಪರವಾನಿಗೆಯ ಪದ್ಧತಿ ಬಂತು. 1955ರ ಆಷಾಢದಲ್ಲಿ ಅತ್ತೆ ಚೊಚ್ಚಲ ಹೆರಿಗೆಗೆಂದು ಚೆಂಡಿಯಾಕ್ಕೆ ಬಂದಳು. ಬಾಣಂತನ ಮುಗಿಸಿ ಐದನೆಯ ತಿಂಗಳಲ್ಲಿ ತೊಟ್ಟಿಲಸಮೇತ ಕಳುಹಿಸಿಕೊಡುವುದು ರೂಢಿ. ಆಗಸ್ಟ್ 15ರಂದು ಸತ್ಯಾಗ್ರಹಿಗಳು ನಾಲ್ಕೂ ದಿಕ್ಕುಗಳಿಂದ ಗೋವೆಯನ್ನು ಹೊಕ್ಕರು. ಪೋರ್ತುಗೀಜ್ ಗುಂಡಿಗೆ ಇಪ್ಪತ್ತಕ್ಕೂ ಮಿಕ್ಕಿದ ಜನ ಬಲಿಯಾದರು. ಭಾರತ ಸರಕಾರ ಪಣಜಿಯ ತನ್ನ ಕಾನ್ಸಲ್ ಕಚೇರಿಯನ್ನು ಮುಚ್ಚಿತು. ಕ್ಯಾಸಲ್‌ರಾಕಿನಿಂದ ಇಳಿಯುತ್ತಿದ್ದ ರೈಲು ನಿಂತಿತು. ಆ ಗದ್ದಲದ ನಡುವೆ ಅತ್ತೆಗೆ ಗಂಡುಮಗುವಾಯಿತು. ಲೋಲಿಯೆಗೆ ಸುದ್ದಿ ಮುಟ್ಟಲು ಹನ್ನೊಂದು ದಿನ ಹಿಡಿಯಿತಂತೆ.

ಆಗ ಇಂಥ ಪ್ರಸಂಗಗಳು ಈ ತೀರದ ಎಷ್ಟೋ ಮನೆಗಳಲ್ಲಿ ನಡೆದಿರಬೇಕು. ದೇಶದ ಸ್ವಾತಂತ್ರ್ಯದ ಮುಂದೆ ಒಂದು ಮನೆಯ ತೊಟ್ಟಿಲು ದೊಡ್ಡದಲ್ಲ. ಅತ್ತೆಯೂ ಅದನ್ನು ದೊಡ್ಡದೆಂದು ಹೇಳಿದವಳಲ್ಲ. ನಾನು ಹೇಳಹೊರಟದ್ದು ನಮ್ಮ ಮಾವನ ಪಾಡನ್ನು. ಮಗುವಿಗೆ ಆರು ತಿಂಗಳಾದಾಗ ಅವರಿಗೆ ಒಂದು ಪರವಾನಿಗೆ ದೊರೆಯಿತು. ಬಂದರು, ಎಂಟು ದಿನ ಇದ್ದರು, ಹೋದರು. ಮೂರು ತಿಂಗಳ ಮೇಲೆ ಮತ್ತೊಮ್ಮೆ ಬಂದರು. ಮೂರನೆಯ ಸಲ ಬಂದಾಗ ಈ ಕಡೆಯ ಚೌಕಿಯಲ್ಲಿದ್ದವನು ಪುಸ್ತಕ ತಿರುವಿಹಾಕಿ, “ನಿಮ್ಮ ಹೆಸರು ಬಹಳ ಸಲ ಬರುತ್ತದಲ್ಲ?” ಎಂದನಂತೆ.

ಮನೆಯವರ ಲೆಕ್ಕದಲ್ಲಿ ಮೂರು ಸಲವೆಂದರೆ ಕಡಿಮೆಯಾಯಿತು. ಹೆಂಡತಿಯ ತಾಯಿ, “ಅಳಿಯಂದಿರು ಇನ್ನೂ ಒಮ್ಮೆ ಬಂದು ಹೋಗಬಾರದಿತ್ತೆ?” ಎನ್ನುತ್ತಾಳೆ. ಚೌಕಿಯ ಲೆಕ್ಕದಲ್ಲಿ ಅದೇ ಮೂರು ಸಲ ಅತಿಯಾಯಿತು. ಒಂದೇ ಓಡಾಟವನ್ನು ಮನೆ ಮಮತೆಯೆಂದು ಬರೆದುಕೊಂಡರೆ ಚೌಕಿ ಸಂಶಯವೆಂದು ಬರೆದುಕೊಳ್ಳುತ್ತದೆ. ದಿಗ್ಬಂಧನದ ಕಾಲದಲ್ಲಿ ಗೋವೆಯಿಂದ ಚಿನ್ನ, ಗಡಿಯಾರ, ವಿಲಾಯತಿ ಬಟ್ಟೆ ಕಳ್ಳದಾರಿಯಲ್ಲಿ ಬರುತ್ತಿತ್ತು. ಆದುದರಿಂದ ಚೌಕಿಯವನನ್ನು ಪೂರ್ತಿ ತಪ್ಪೆನ್ನಲಾಗದು. ಮಾವ ಅಂಜಿ, ತೆಂಗಿನಕಾಯಿ ವ್ಯಾಪಾರದ ಮಾತುಕತೆಗೆ ಬಂದೆ ಎಂದುಬಿಟ್ಟರು. ಹೆಂಡತಿಯನ್ನು ನೋಡಲು ಬಂದೆನೆಂದು ಪರರ ಮುಂದೆ ಹೇಳಲು ಆ ಕಾಲದ ಗಂಡಸರಿಗೆ ನಾಚಿಕೆ. ಆ ಒಂದು ಸುಳ್ಳಿಗಾಗಿ ಅವರನ್ನು ಸಂಜೆಯವರೆಗೆ ಕೂರಿಸಿ, ಹಿಂದಕ್ಕೆ ಕಳುಹಿಸಿದರು. ಆ ಕಡೆ ಹೋದರೆ ಪೋರ್ತುಗೀಜ್ ಸಿಪಾಯಿ ಬೇರೆ ರೀತಿಯಲ್ಲಿ ಕೇಳಿದ: ಹೋಗಿ ಯಾರನ್ನು ಕಂಡೆ, ಯಾವ ಕಾಗದ ತಂದೆ?

ಆ ಮೇಲೆ ಅವರು ಎರಡು ಸಲ ರಾತ್ರಿಯ ಹೊತ್ತು ದೋಣಿಯಲ್ಲಿ ಬಂದರು. ಅಂಜುದೀವ ದ್ವೀಪ ನಮ್ಮ ದಂಡೆಗೆ ಹತ್ತಿರದಲ್ಲಿಯೇ ಇದೆ. 1505ರಲ್ಲಿ ಪೋರ್ತುಗೀಜರು ಕೋಟೆ ಕಟ್ಟಿದ ಆ ದ್ವೀಪದಲ್ಲಿ ಅವರ ಕಾವಲು ಪಡೆ ಇತ್ತು. ಅದರ ಕಣ್ಣು ತಪ್ಪಿಸಿ, ಬಿಣಗಾದ ಗುಡ್ಡದ ನೆರಳು ಹಿಡಿದು ದೋಣಿ ತರಬೇಕು. ಇದು ಎಂಥ ಗಂಡಾಂತರವೆಂಬುದು 1961ರ ನವೆಂಬರಿನಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಆ ದ್ವೀಪದಿಂದ ‘ಸಾಬರಮತಿ’ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ನಮ್ಮ ಕಡೆಯ ಒಬ್ಬ ಮೀನುಗಾರ ಸತ್ತ. ಡಿಸೆಂಬರಿನಲ್ಲಿ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು.

ಅತ್ತೆ 1957ರಲ್ಲಿ ಮಗುವನ್ನೆತ್ತಿಕೊಂಡು ಗಂಡನ ಮನೆ ಸೇರಿದಳು. ಸೇರಿದವಳು ಮತ್ತೆ ಈಚೆ ಬರಲಿಲ್ಲ. ಪರವಾನಿಗೆ ಸಿಗುತ್ತಿರಲಿಲ್ಲವೆಂದಲ್ಲ. “ಹೋಗಲು ಬಿಟ್ಟಾರು, ಮರಳಲು ಬಿಟ್ಟಾರೆಯೆ?” ಎಂಬ ಒಂದೇ ಭಯ. 1960ರಲ್ಲಿ ನನ್ನ ಅಜ್ಜ ತೀರಿಕೊಂಡರು. ಮೀನು ಮಾರುವ ಹೆಂಗಸೊಬ್ಬಳ ಬಾಯಿಂದ ಮಗಳಿಗೆ ಸುದ್ದಿ ಮುಟ್ಟುವಾಗ ಇಲ್ಲಿ ಹದಿಮೂರನೆಯ ದಿನವೂ ಕಳೆದಿತ್ತು.

ಇಷ್ಟನ್ನು ಹಳೆಯ ಕತೆಯೆಂದು ಬದಿಗಿಡಬಹುದಿತ್ತು. ಆದರೆ ಅತ್ತೆಯ ಮೊಮ್ಮಗ, ಅಂದರೆ ತೊಟ್ಟಿಲಲ್ಲಿದ್ದ ಆ ಮಗುವಿನ ಮಗ, ಈಗ ಅದೇ ದಾರಿಯನ್ನು ಇನ್ನೊಂದು ಸಮುದ್ರದ ದಂಡೆಯಲ್ಲಿ ತುಳಿಯುತ್ತಿದ್ದಾನೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರನ್ನು ಪೋರ್ತುಗಲ್ ತನ್ನ ಪ್ರಜೆಗಳೆಂದೇ ಎಣಿಸುತ್ತದೆ. ಅವರ ಮಕ್ಕಳು ಮೊಮ್ಮಕ್ಕಳೂ ಆ ಪೌರತ್ವವನ್ನು ಕೇಳಿ ಪಡೆಯಬಹುದು. ಸಾವಿರಾರು ಗೋವೆಯವರು ಹೀಗೆ ಪಡೆದುಕೊಂಡು, ಐರೋಪ್ಯ ಒಕ್ಕೂಟದ ಪ್ರಜೆಗಳಾಗಿ ಇಂಗ್ಲೆಂಡಿಗೆ ಹೋದರು. ಸ್ವಿಂಡನ್ ಎಂಬ ಪಟ್ಟಣದಲ್ಲಿ ಅವರದೇ ಒಂದು ದೊಡ್ಡ ಬಳಗವಿದೆ. ನಮ್ಮ ಹುಡುಗನೂ ಅಜ್ಜನ ಜನ್ಮದಾಖಲೆಯನ್ನು ಹುಡುಕಿ ತೆಗೆದು, ಅಜ್ಜನದು, ಅಪ್ಪನದು, ಆ ಮೇಲೆ ತನ್ನದು ಎಂದು ಒಂದೊಂದಾಗಿ ಲಿಸ್ಬನ್ನಿನಲ್ಲಿ ದಾಖಲಿಸಿದ. ಯಾವ ರಾಜ್ಯದ ಪ್ರಜೆಯಾದುದರಿಂದ ಅಜ್ಜ ಗಡಿಯಲ್ಲಿ ಸಂಜೆಯವರೆಗೆ ಕೂರಬೇಕಾಯಿತೋ ಅದೇ ರಾಜ್ಯದ ಕಾಗದ ಮೊಮ್ಮಗನಿಗೆ ಭಾಗ್ಯದ ಬಾಗಿಲಾಯಿತು. ಕಾಗದ ಕೈಸೇರಿದ್ದು 2021ರಲ್ಲಿ. ಅಷ್ಟರಲ್ಲಿ ಬ್ರಿಟನ್ ಒಕ್ಕೂಟದಿಂದ ಹೊರಬಂದಿತ್ತು. 2020ರ ಡಿಸೆಂಬರ್ 31ಕ್ಕೆ ಮುಕ್ತ ಸಂಚಾರ ಮುಗಿದಿತ್ತು. ಆತ ಲಿಸ್ಬನ್ನಿನಲ್ಲಿಯೇ ಕೆಲಸ ಹಿಡಿದ. ಅವನು ಮೆಚ್ಚಿದ ಅಂಕೋಲೆಯ ಹುಡುಗಿ, ದಾದಿ, 2022ರಲ್ಲಿ ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಹೋದಳು.

ಇಲ್ಲೊಂದು ಸ್ವಾರಸ್ಯವಿದೆ. ಅವಳದು ಭಾರತದ ಪಾಸ್‌ಪೋರ್ಟು. ಪೋರ್ತುಗಲ್ಲಿಗೆ ಹೋಗಬೇಕಾದರೆ ಮೊದಲೇ ವೀಸಾಕ್ಕೆ ಅರ್ಜಿ ಹಾಕಿ, ಬ್ಯಾಂಕಿನ ಲೆಕ್ಕ ತೋರಿಸಿ, ವಾರಗಟ್ಟಲೆ ಕಾಯಬೇಕು. ಅವನಿಗಾದರೋ ಇಂಗ್ಲೆಂಡಿಗೆ ವೀಸಾ ಬೇಡ; ಒಂದು ಸಲ ಹೋದರೆ ಆರು ತಿಂಗಳವರೆಗೆ ಇರಬಹುದು. ಆದುದರಿಂದ ಯಾವಾಗಲೂ ಅವನೇ ಹೋಗುವುದು. ಸುಲಭದ ದಾರಿ ಯಾರದೋ ಓಡಾಟವೆಲ್ಲ ಅವರ ತಲೆಯ ಮೇಲೆಯೇ ಬೀಳುತ್ತದೆ; ಓಡಾಟದ ಲೆಕ್ಕವೂ ಅವರ ಹೆಸರಿನಲ್ಲಿಯೇ ಬೆಳೆಯುತ್ತದೆ.

ಅಲ್ಲಿಯ ವಿಮಾನನಿಲ್ದಾಣಗಳಲ್ಲಿ ಐರೋಪ್ಯ ಪಾಸ್‌ಪೋರ್ಟಿನವರಿಗೆ ಯಂತ್ರದ ಬಾಗಿಲುಗಳಿವೆ. ಪಾಸ್‌ಪೋರ್ಟನ್ನು ಗಾಜಿನ ಮೇಲಿಟ್ಟು, ಕನ್ನಡಿಯಲ್ಲಿ ಮುಖ ತೋರಿದರೆ ಬಾಗಿಲು ತೆರೆಯುತ್ತದೆ. ಮುದ್ರೆಯಿಲ್ಲ, ಮಾತಿಲ್ಲ. ಹದಿನಾಲ್ಕು ತಿಂಗಳಲ್ಲಿ ಎಂಟು ಸಲ ಆ ಬಾಗಿಲು ಅವನಿಗೆ ತೆರೆಯಿತು. ಒಂಬತ್ತನೆಯ ಸಲ ತೆರೆಯಲಿಲ್ಲ. ಅಧಿಕಾರಿಯ ಮೇಜಿನ ಬಳಿಗೆ ಹೋಗೆಂದು ಕೆಂಪು ದೀಪ ಹತ್ತಿತು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯನ್ನು ಅವನು ಫೋನಿನಲ್ಲಿ ಹೇಳುವಾಗ ನನ್ನ ಕೈ ತಣ್ಣಗಾಯಿತು. “ಮಾಮ, ‘ನೀವು ಬಹಳ ಸಲ ಬರುತ್ತೀರಲ್ಲ?’ ಎಂದರು.”

ಅವರ ನಿಯಮವನ್ನು ನಾನು ತರಿಸಿ ಓದಿದೆ. ಸಂದರ್ಶಕನಾಗಿ ಬಂದವನು ಪದೇ ಪದೇ ಬಂದು, ಅಥವಾ ಒಂದರ ಹಿಂದೊಂದು ಭೇಟಿಗಳಿಂದ, ಆ ದೇಶದಲ್ಲಿಯೇ ಬದುಕುವಂತೆ ಆಗಬಾರದು. ಅದನ್ನು ತನ್ನ ಮುಖ್ಯ ಮನೆಯಾಗಿ ಮಾಡಿಕೊಳ್ಳಬಾರದು. ಎಷ್ಟು ಸಲ ಬಂದರೆ ಪದೇ ಪದೇ ಎನಿಸುತ್ತದೆ? ಅದಕ್ಕೆ ಸಂಖ್ಯೆಯಿಲ್ಲ. ಯುರೋಪಿನ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಎಂಬ ಲೆಕ್ಕವಾದರೂ ಇದೆ, ಬೆರಳೆಣಿಸಿ ತಿಳಿದುಕೊಳ್ಳಬಹುದು. ಬ್ರಿಟನ್ನಿನಲ್ಲಿ ತೀರ್ಮಾನ ಮೇಜಿನ ಹಿಂದೆ ಕುಳಿತವರ ವಿವೇಚನೆಗೆ ಬಿಟ್ಟದ್ದು. ಥಾಯ್ಲೆಂಡು 2016ರ ಕೊನೆಯಲ್ಲಿ, ವೀಸಾ ಇಲ್ಲದೆ ಭೂಗಡಿಯಿಂದ ಬರುವವರಿಗೆ ವರ್ಷಕ್ಕೆ ಎರಡೇ ಸಲವೆಂದು ಮಿತಿ ಹಾಕಿತು. ಒರಟಾದರೂ ಅದು ಸ್ಪಷ್ಟವಾದ ಮಾತು. ನನ್ನ ಮಟ್ಟಿಗೆ ಹೇಳುವುದಾದರೆ, ಸ್ಪಷ್ಟವಾದ ನಿಷ್ಠುರವೇ ಅಸ್ಪಷ್ಟವಾದ ದಾಕ್ಷಿಣ್ಯಕ್ಕಿಂತ ಮೇಲು.

ವೀಸಾ ಇಲ್ಲವೆಂದ ಮಾತ್ರಕ್ಕೆ ಪರೀಕ್ಷೆ ಇಲ್ಲವೆಂದಾಗುವುದಿಲ್ಲ. ಪರೀಕ್ಷೆಯ ಸ್ಥಳ ಬದಲಾಗುತ್ತದೆ, ಅಷ್ಟೆ. ವೀಸಾ ಬೇಕಾದವನು ತನ್ನ ಊರಿನಲ್ಲಿದ್ದುಕೊಂಡೇ ಪರೀಕ್ಷೆಗೆ ಕೂರುತ್ತಾನೆ; ಇಲ್ಲವೆಂದರೆ ಮನೆಯಲ್ಲಿಯೇ ಉಳಿಯುತ್ತಾನೆ. ವೀಸಾ ಬೇಡದವನಿಗೆ ಪರೀಕ್ಷೆ ಹೊಸ್ತಿಲ ಮೇಲೆ, ಚೀಲ ಕೈಯಲ್ಲಿರುವಾಗ, ಒಳಗೆ ಒಬ್ಬಳು ಕಾಯುತ್ತಿರುವಾಗ. 2021ರ ಮೇ ತಿಂಗಳಲ್ಲಿ ಐರೋಪ್ಯ ದೇಶಗಳ ಕೆಲವು ಯುವಕ ಯುವತಿಯರನ್ನು ಬ್ರಿಟನ್ನಿನ ಗಡಿಯಲ್ಲಿ ತಡೆದು, ಬಂಧನಕೇಂದ್ರಗಳಲ್ಲಿರಿಸಿ, ಹಿಂದಕ್ಕೆ ಕಳುಹಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸಂದರ್ಶಕರಾಗಿ ಬರಲು ಅವರಿಗೆ ವೀಸಾ ಬೇಕಿರಲಿಲ್ಲ. ಅಮೆರಿಕೆಗೆ ವೀಸಾ ಇಲ್ಲದೆ 90 ದಿನಕ್ಕೆ ಹೋಗುವ ದೇಶಗಳವರು, ಬಾಗಿಲಲ್ಲಿ ತಡೆದರೆ ಆ ತೀರ್ಮಾನವನ್ನು ಪ್ರಶ್ನಿಸುವುದಿಲ್ಲವೆಂದು ಮೊದಲೇ ಒಪ್ಪಿಕೊಟ್ಟಿರಬೇಕು. ಒಮ್ಮೆ ಹಿಂದಕ್ಕೆ ಕಳುಹಿಸಿದರೆಂದರೆ ಮುಂದಿನ ಪ್ರತಿ ಅರ್ಜಿಯಲ್ಲಿಯೂ ಅದನ್ನು ಹೇಳಬೇಕು. ಒಂದು ಸಂಜೆಯ ತೀರ್ಮಾನ ಹತ್ತು ವರ್ಷ ಬೆನ್ನಿಗಂಟಿಕೊಳ್ಳುತ್ತದೆ.

ನಮ್ಮ ಹುಡುಗ ಅಜ್ಜನಂತೆ ತೆಂಗಿನಕಾಯಿಯ ಮಾತು ಹೇಳಲಿಲ್ಲ. ತಾನು ಮದುವೆಯಾಗಲಿರುವ ಹುಡುಗಿಯನ್ನು ಕಾಣಲು ಬಂದೆನೆಂದು ನೇರವಾಗಿ ಹೇಳಿದ. ಲಿಸ್ಬನ್ನಿನ ಕೆಲಸದ ಪತ್ರ, ಮನೆಯ ಬಾಡಿಗೆಯ ಕರಾರು, ನಾಲ್ಕು ದಿನಗಳ ಮೇಲಿನ ಹಿಂದಿರುಗುವ ಟಿಕೇಟು ಎಲ್ಲ ಅವನಲ್ಲಿತ್ತು. ಚೀಲ ಬಿಚ್ಚಿಸಿದರು. ಫೋನಿನಲ್ಲಿಯ ಮಾತುಗಳನ್ನು ಓದಿದರು. ‘ಮಾಡುವೆ’ ಎಂದು ಅವನು ಬರೆದದ್ದನ್ನು ಯಂತ್ರ ‘ಮದುವೆ’ ಎಂದು ಅನುವಾದಿಸಿ ತೋರಿಸಿತಂತೆ; ಅದರಿಂದ ಅರ್ಧ ಗಂಟೆಯ ವಿಚಾರಣೆ ಹೆಚ್ಚಾಯಿತು. ಏಕೆಂದರೆ ಸಂದರ್ಶಕನಾಗಿ ಬಂದವನು ಅಲ್ಲಿ ಮದುವೆಯಾಗುವಂತಿಲ್ಲ. ಅದಕ್ಕೆ ಬೇರೆಯೇ ವೀಸಾ ಇದೆ. ನಾಲ್ಕು ಗಂಟೆಗಳ ಮೇಲೆ ಒಳಗೆ ಬಿಟ್ಟರು. ಮುಂದಿನ ಸಲ ಹೀಗೆಯೇ ಬಿಡುತ್ತೇವೆಂದು ತಿಳಿಯಬೇಡ ಎಂಬ ಮಾತನ್ನೂ ಕಿವಿಗೆ ಹಾಕಿದರು. ಹೊರಗೆ ಆ ಹುಡುಗಿ ರಾತ್ರಿಪಾಳಿ ಮುಗಿಸಿ ಬಂದವಳು ಕುರ್ಚಿಯಲ್ಲಿ ಕುಳಿತಲ್ಲೇ ನಿದ್ದೆ ಹೋಗಿದ್ದಳಂತೆ.

ಅಂದಿನಿಂದ ಅವನು ಒಂದು ಸಣ್ಣ ಪುಸ್ತಕದಲ್ಲಿ ಹೋದ ದಿನ, ಬಂದ ದಿನ ಬರೆದಿಡುತ್ತಾನೆ. ಮುದ್ರೆ ಬೀಳದ ಪಾಸ್‌ಪೋರ್ಟಿನವನಿಗೆ ತಾನು ಹಿಂದಿರುಗಿ ಹೋಗಿದ್ದೆನೆಂದು ತೋರಿಸಲು ವಿಮಾನದ ಚೀಟಿಯೇ ಆಧಾರ. ಭೇಟಿಗಳ ನಡುವಿನ ಅಂತರವನ್ನು ಹೆಚ್ಚಿಸಿದ. 2025ರ ಏಪ್ರಿಲ್ 2ರಿಂದ ಐರೋಪ್ಯರೂ ಬ್ರಿಟನ್ನಿಗೆ ಹೊರಡುವ ಮೊದಲು ಹಣ ಕಟ್ಟಿ ಒಂದು ವಿದ್ಯುನ್ಮಾನ ಅನುಮತಿ ಪಡೆಯಬೇಕೆಂಬ ನಿಯಮ ಜಾರಿಗೆ ಬಂತು. ಪ್ರಯಾಣಕ್ಕೆ ಅದು ಅನುಮತಿ. ಪ್ರವೇಶಕ್ಕೆ ಖಾತರಿಯಲ್ಲ ಎಂದು ಅವರೇ ಹೇಳಿದ್ದಾರೆ. ನಮ್ಮ ಹಳೆಯ ರಹದಾರಿಗೆ ಅದು ತೀರ ದೂರದ ನೆಂಟನೇನೂ ಅಲ್ಲ.

ಗಡಿಯೆಂಬುದು ಮಲಗಿ ನಿದ್ರಿಸುವ ವಸ್ತು. ಎಚ್ಚರಾಗಲು ಹೆಚ್ಚು ಹೊತ್ತು ಬೇಡ. 2020ರ ವಸಂತದಲ್ಲಿ ಸಾಂಕ್ರಾಮಿಕದ ಭಯದಿಂದ ಜರ್ಮನಿಯ ಕಾನ್‌ಸ್ಟಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಕ್ರೊಯ್ತ್ಸ್‌ಲಿಂಗೆನ್ ಎಂಬ ಅಂಟಿಕೊಂಡ ಊರುಗಳ ನಡುವೆ ಬೇಲಿ ಹಾಕಿದರು. ಪ್ರೇಮಿಗಳು ಬೇಲಿಯ ಜಾಲರಿಯಲ್ಲಿ ಬೆರಳು ತೂರಿಸಿ ಮಾತಾಡುವುದನ್ನು ಕಂಡು, ಅಧಿಕಾರಿಗಳು ಸ್ವಲ್ಪ ದೂರದಲ್ಲಿ ಎರಡನೆಯ ಬೇಲಿಯನ್ನೂ ಹಾಕಿದರು. ಡೆನ್ಮಾರ್ಕು ಆ ಮೇ ತಿಂಗಳಲ್ಲಿ ಗಡಿಯಾಚೆಯ ಪ್ರೇಮಿಗಳಿಗೆ ಬಾಗಿಲು ತೆರೆಯಿತು. ಆದರೆ ಪ್ರೇಮಕ್ಕೆ ಪುರಾವೆ ಬೇಕೆಂದಿತು. ನಮ್ಮಲ್ಲಿ ತಲಪಾಡಿಯನ್ನು ನೆನೆಯಿರಿ. ಒಂದೇ ದೇಶದ ಎರಡು ರಾಜ್ಯಗಳ ನಡುವೆ ಆ ಮಾರ್ಚಿನಲ್ಲಿ ದಾರಿ ಮುಚ್ಚಿತು. ಕಾಸರಗೋಡಿನ ಕನ್ನಡ ಮನೆಗಳ ಹೆಣ್ಣುಮಕ್ಕಳು ಮಂಗಳೂರಿನಲ್ಲಿ, ಮಂಗಳೂರಿನ ಸೊಸೆಯರು ಕಾಸರಗೋಡಿನಲ್ಲಿ. ಆಸ್ಪತ್ರೆಗೆ ಹೋಗುವವರಿಗೂ ದಾರಿಯಿಲ್ಲದೆ, ವಿಷಯ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ನಮ್ಮ ಅಂಜುದೀವವೂ ಹಾಗೆಯೇ. ಅಲ್ಲಿಯ ಬ್ರೋಟಾಸ್ ಮಾತೆಯ ಇಗರ್ಜಿಯ ಹಬ್ಬಕ್ಕೆ ಗೋವೆಯಿಂದಲೂ ಕಾರವಾರದಿಂದಲೂ ದೋಣಿಗಳಲ್ಲಿ ಜನ ಹೋಗುತ್ತಿದ್ದರು. ಸೀಬರ್ಡ್ ಯೋಜನೆ ಬಂದು, 2005ರಲ್ಲಿ ಕದಂಬ ನೌಕಾನೆಲೆಯಾದ ಮೇಲೆ ದ್ವೀಪ ಅದರ ಅಂಗವಾಯಿತು. ಪೋರ್ತುಗೀಜರ ಕಾಲದಲ್ಲಿ ಸಾಧ್ಯವಿದ್ದ ಹಬ್ಬದ ದೋಣಿ ಸ್ವಂತ ಸರಕಾರದ ಕಾಲದಲ್ಲಿ ನಿಂತಿತು. ಕಾರಣ ಗೊತ್ತಿದೆ, ಒಪ್ಪಿಯೂ ಇದ್ದೇವೆ.

ಇಂಗ್ಲೆಂಡಿನ ವಿಷಯಕ್ಕೆ ಒಂದು ಪರಿಹಾರ ಕಾನೂನಿನಲ್ಲಿಯೇ ಇದೆ. ದಾದಿಯ ಕೆಲಸದ ವೀಸಾದ ಮೇಲೆ ಇರುವವಳ ಗಂಡ ಅವಳ ಅವಲಂಬಿಯಾಗಿ ಅರ್ಜಿ ಹಾಕಿ ಜೊತೆಗಿರಬಹುದು. ಆಗ ಅವನು ಸಂದರ್ಶಕನಲ್ಲ, ಯಾರೂ ಭೇಟಿಗಳನ್ನು ಎಣಿಸುವುದಿಲ್ಲ. 2024ರ ಮಾರ್ಚಿನಲ್ಲಿ ಅಲ್ಲಿಯ ಸರಕಾರ ಈ ಸೌಲಭ್ಯವನ್ನು ಆರೈಕೆಯ ಕೆಲಸಗಾರರಿಗೆ ನಿಲ್ಲಿಸಿತು, ದಾದಿಯರಿಗೆ ಉಳಿಸಿತು. ಇದನ್ನು ಕೇಳಿದ ಮೇಲೆ ಎರಡೂ ಮನೆಯ ಹಿರಿಯರು ಜಾತಕದ ಚರ್ಚೆಯನ್ನು ಅರ್ಧಕ್ಕೆ ಬಿಟ್ಟರು.

ಮದುವೆ ಮಳೆಗಾಲ ಕಳೆದ ಮೇಲೆ, ಅಂಕೋಲೆಯಲ್ಲಿ. ಹುಡುಗ ಈಗ ಕಾಗದದ ಲೆಕ್ಕದಲ್ಲಿ ಪರದೇಶಿ. ಭಾರತದ ಸಾಗರೋತ್ತರ ಪೌರನೆಂಬ ಕಾರ್ಡು ಮಾಡಿಸಿಕೊಂಡಿರುವುದರಿಂದ, ಸ್ವಂತ ಲಗ್ನಕ್ಕೆ ಬರಲು ವೀಸಾ ಬೇಡ. ದಿಬ್ಬಣ ಲೋಲಿಯೆಯಿಂದ ಪೋಳೆಯ ಮೂಲಕ ಬರುತ್ತದೆ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿಯಿತಾದರೂ ಪಕ್ಕದ ಹೊಸ ಸೇತುವೆ ಇದೆ. ಮಾಜಾಳಿಯ ನಾಕೆಯಲ್ಲಿ ಬಸ್ಸನ್ನು ನಿಲ್ಲಿಸಿ, ಒಳಗೆ ಹತ್ತಿ ನೋಡುತ್ತಾರೆ. ಅವರು ಹುಡುಕುವುದು ಗೋವೆಯ ಹೆಂಡದ ಬಾಟಲಿಗಳನ್ನು. ಆ ಕುರಿತು ಬೀಗರಿಗೆ ಒಂದು ಮಾತು ಮುಂಚಿತವಾಗಿ ಹೇಳಿಟ್ಟಿದ್ದೇವೆ.